ಈರುಳ್ಳಿ ಸಿಪ್ಪೆಯಿಂದ ನವಿಲಿನವರೆಗೆ: ಕೇಕ್ ಕ್ರೀಮಿಗೆ ಬೇಕಾದ ಬಣ್ಣ ಕಲಸುವ ಬಗೆ

ಬಣ್ಣದ ಬಾಟಲಿಗಳ ಮೇಲೆ ಲೆಮನ್ ಯೆಲ್ಲೋ, ಸ್ಕೈ ಬ್ಲೂ, ರೋಸ್ ಪಿಂಕ್ ಅಂತ ಬರೆದಿರುತ್ತದೆ. ಕೇಕ್ ಮಾಡಿಸುವವರು ಕೇಳುವ ಬಣ್ಣಗಳೇ ಬೇರೆ. "ಸೀಮಂತದ ಸೀರೆ ಈರುಳ್ಳಿ ಸಿಪ್ಪೆ ಬಣ್ಣ, ಕೇಕೂ ಅದೇ ಬರ್ಬೇಕು." "ನವಿಲು ಬಣ್ಣ, ಆದ್ರೆ ತುಂಬಾ ನೀಲಿ ಬೇಡ." "ಕನಕಾಂಬರ ಹೂವಿನ ಥರ, ಕಿತ್ತಳೆ ಅಲ್ಲ." ನಮಗೆ ಬಣ್ಣ ಅಂದರೆ ಮೊದಲು ನೆನಪಾಗುವುದು ಸೀರೆ ಅಂಗಡಿ ಅಲ್ವಾ? ಈ ಹೆಸರಿನ ಬಾಟಲಿ ಯಾವ ಬೇಕರಿ ಸಾಮಾನಿನ ಅಂಗಡಿಯಲ್ಲೂ ಇರುವುದಿಲ್ಲ. ಕಲಸಿಯೇ ತರಬೇಕು.

ಮೊದಲ ಸಲ ಈರುಳ್ಳಿ ಸಿಪ್ಪೆ ಬಣ್ಣಕ್ಕೆ ಕೈ ಹಾಕಿದಾಗ ನಾನು ಗುಲಾಬಿ ಬಣ್ಣ ಹಾಕಿದೆ. ಸಾಲದು ಅನಿಸಿತು. ಇನ್ನಷ್ಟು ಹಾಕಿದೆ. ಬೆಳಿಗ್ಗೆ ಫ್ರಿಜ್ ತೆರೆದರೆ ಇನ್ನೂ ಕಡುವಾಗಿ ಕೂತಿತ್ತು. ನಮ್ಮ ಅತ್ತಿಗೆ ಇಣುಕಿ ನೋಡಿ, "ಇದ್ಯಾವ ಈರುಳ್ಳಿನೋ, ಬೊಂಬಾಯಿ ಮಿಠಾಯಿ ಥರ ಇದೆ" ಅಂದರು. ಎರಡು ತಪ್ಪು ಮಾಡಿದ್ದೆ. ಗುಲಾಬಿಯ ಹೊಳಪು ತಗ್ಗಿಸಲು ಒಂದು ಚೂರು ಕಂದು ಬೇಕಿತ್ತು. ಜೊತೆಗೆ, ಬಣ್ಣ ತಾನಾಗಿ ಏರಲು ಸಮಯ ಕೊಡಬೇಕಿತ್ತು. ಕ್ರೀಮಿಗೆ ಬಣ್ಣ ಹಾಕುವವರ ಮುಕ್ಕಾಲು ಪಾಲು ತೊಂದರೆ ಈ ಎರಡರಿಂದಲೇ ಬರುವುದು.

ಮೊದಲು ಬಣ್ಣದ ಡಬ್ಬಿ

ಅಂಗಡಿಯಲ್ಲಿ ನಾಲ್ಕು ಥರದ ಬಣ್ಣ ಸಿಗುತ್ತದೆ.

ನೀರಿನ ಹಾಗಿರುವ ಚಿಕ್ಕ ಬಾಟಲಿಯ ಬಣ್ಣ ಅಗ್ಗ. ಕಿರಾಣಿ ಅಂಗಡಿಯಲ್ಲೂ ಇರುತ್ತದೆ. ತಿಳಿ ಬಣ್ಣಕ್ಕೆ ಒಂದೆರಡು ಹನಿ ಸಾಕು, ಪರವಾಗಿಲ್ಲ. ಕಡು ಬಣ್ಣಕ್ಕೆ ಹೋದರೆ ಅರ್ಧ ಚಮಚ ನೀರೇ ಸೇರಿದ ಹಾಗೆ, ಕ್ರೀಮ್ ಸಡಿಲವಾಗಿ ಇಳಿಯುತ್ತದೆ.

ಜೆಲ್ ಬಣ್ಣ ಗಟ್ಟಿ, ಬಣ್ಣದ ಅಂಶ ಜಾಸ್ತಿ. ಒಂದು ಚುಕ್ಕೆ ಸಾಕು. ವಿಪ್ಪಿಂಗ್ ಕ್ರೀಮ್, ಬಟರ್‌ಕ್ರೀಮ್, ಫಾಂಡಂಟ್ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು), ರಾಯಲ್ ಐಸಿಂಗ್ (ಒಣಗಿ ಗಟ್ಟಿಯಾಗುವ ಸಕ್ಕರೆ ಲೇಪ) ಎಲ್ಲಕ್ಕೂ ನಡೆಯುತ್ತದೆ. ಮುಂದೆ ಹೇಳುವ ಅಳತೆಗಳೆಲ್ಲ ಜೆಲ್ ಬಣ್ಣದವು.

ಪುಡಿ ಬಣ್ಣವನ್ನು ನೇರವಾಗಿ ಕ್ರೀಮಿಗೆ ಉದುರಿಸಬೇಡಿ. ಆಗ ಏನೂ ಕಾಣಿಸುವುದಿಲ್ಲ, ಎರಡು ಗಂಟೆ ಬಿಟ್ಟು ನೋಡಿದರೆ ಸಿಡುಬು ಎದ್ದ ಹಾಗೆ ಚುಕ್ಕೆ ಚುಕ್ಕೆ. ಕೇಸರಿಬಾತಿಗೆ ಹಾಕುವ ಪುಡಿಯೂ ಅಷ್ಟೇ. ಅರ್ಧ ಚಮಚ ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಆರಿಸಿ, ಹನಿ ಹನಿಯಾಗಿ ಹಾಕಿ.

ಎಣ್ಣೆಯಲ್ಲಿ ಕಲಸಿದ ಬಣ್ಣ ಇರುವುದು ಚಾಕೊಲೇಟಿಗೆ. ಕರಗಿಸಿದ ಬಿಳಿ ಚಾಕೊಲೇಟಿಗೆ ನೀರಿನಂಶದ ಬಣ್ಣ ಬಿದ್ದರೆ ಅದು ಗಂಟು ಕಟ್ಟಿ ಮಣ್ಣಿನ ಉಂಡೆಯಂತಾಗುತ್ತದೆ. ಆಮೇಲೆ ನಯವಾಗುವುದಿಲ್ಲ.

ಹೊಸಬರು 24 ಬಣ್ಣಗಳ ಪೆಟ್ಟಿಗೆ ಕೊಳ್ಳುವುದು ದಂಡ. ಹಳದಿ, ಗುಲಾಬಿ, ಕೆಂಪು, ನೀಲಿ, ನೇರಳೆ, ಕಂದು, ಕಪ್ಪು. ಈ ಏಳು ಸಾಕು. ಹಳದಿಗೆ ನೀಲಿ ಸೇರಿದರೆ ಹಸಿರು, ಹಳದಿಗೆ ಕೆಂಪು ಸೇರಿದರೆ ಕಿತ್ತಳೆ. ಇವೆರಡನ್ನೂ ಪದೇ ಪದೇ ಬಳಸುತ್ತೀರಿ ಅಂದರೆ ಮಾತ್ರ ಬೇರೆ ಕೊಳ್ಳಿ. ಕಂದು ಬಣ್ಣ ಯಾರಿಗೆ ಬೇಕು ಅಂತ ಬಿಡಬೇಡಿ. ನನ್ನ ಡಬ್ಬಿಯಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವುದೇ ಅದು.

ಬಟ್ಟಲಲ್ಲಿ ಮೊದಲೇ ಇರುವ ಬಣ್ಣ

ಬಣ್ಣ ಹಾಕುವ ಮುಂಚೆ ಕ್ರೀಮನ್ನು ಒಂದು ಬಿಳಿ ತಟ್ಟೆಯ ಮೇಲೆ ಇಟ್ಟು ನೋಡಿ. ಸಸ್ಯಜನ್ಯ ಕೊಬ್ಬಿನ ವಿಪ್ಪಿಂಗ್ ಕ್ರೀಮ್ ಹಾಲಿನಷ್ಟು ಬಿಳಿ. ನಮ್ಮ ಬೇಕರಿಗಳಲ್ಲಿ ಹೆಚ್ಚಾಗಿ ಬಳಸುವುದು ಇದನ್ನೇ. ಇದರ ಮೇಲೆ ಯಾವ ಬಣ್ಣವಾದರೂ ಹಾಕಿದ ಹಾಗೆಯೇ ಕಾಣುತ್ತದೆ.

ಬಟರ್‌ಕ್ರೀಮ್ ಹಾಗಲ್ಲ. ಬೆಣ್ಣೆ ಹಳದಿ. ಅದಕ್ಕೆ ನೀಲಿ ಹಾಕಿದರೆ ಕೆರೆ ಪಾಚಿಯ ಕಡೆ ಹೋಗುತ್ತದೆ, ಗುಲಾಬಿ ಹಾಕಿದರೆ ಪೀಚ್ ಆಗುತ್ತದೆ, ನೇರಳೆ ಹಾಕಿದರೆ ಬೂದಿ ಬಣ್ಣ. ಇದು ನಿಮ್ಮ ಕೈಯ ತಪ್ಪಲ್ಲ. ಬಟ್ಟಲಲ್ಲಿ ಆಗಲೇ ಒಂದು ಬಣ್ಣ ಕೂತಿದೆ, ಅಷ್ಟೇ.

ಹಸುವಿನ ಹಾಲಿನ ಕೊಬ್ಬಿನಲ್ಲಿ ಹುಲ್ಲಿನಿಂದ ಬಂದ ಕ್ಯಾರೊಟಿನ್ ಉಳಿಯುತ್ತದೆ, ಅದಕ್ಕೇ ಬೆಣ್ಣೆ ಹಳದಿ. ಎಮ್ಮೆ ಆ ಕ್ಯಾರೊಟಿನನ್ನು ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ, ಅದರ ಬೆಣ್ಣೆ ಬಿಳಿ. ಬ್ರೆಡ್ಡಿಗೆ ಹಚ್ಚುವ ಉಪ್ಪಿನ ಬೆಣ್ಣೆಗೆ ಕೆಲವು ಸಲ ಮೇಲಿಂದಲೂ ಹಳದಿ ಸೇರಿಸಿರುತ್ತಾರೆ. ಹಾಗಾಗಿ ಬಟರ್‌ಕ್ರೀಮಿಗೆ ಉಪ್ಪಿಲ್ಲದ, ತಿಳಿ ಬಣ್ಣದ ಬೆಣ್ಣೆ ಕೊಳ್ಳಿ. ಮನೆಯಲ್ಲಿ ಕಡೆದ ಎಮ್ಮೆ ಬೆಣ್ಣೆ ಬಿಳಿಯೇನೋ ಹೌದು. ಆದರೆ ಅದರಲ್ಲಿ ಮಜ್ಜಿಗೆಯ ನೀರು, ಹುಳಿ ವಾಸನೆ ಉಳಿದಿರುತ್ತದೆ. ನಾನು ಬಳಸುವುದಿಲ್ಲ.

ಬಟರ್‌ಕ್ರೀಮ್ ಬಿಳಿ ಮಾಡಲು ಎರಡು ಕೆಲಸ.

ಒಂದು, ಸಕ್ಕರೆ ಹಾಕುವ ಮುಂಚೆ ಬೆಣ್ಣೆಯೊಂದನ್ನೇ 5ರಿಂದ 7 ನಿಮಿಷ ಬೀಟ್ ಮಾಡಿ. ಗಾಳಿ ಸೇರಿದಂತೆ ಹಳದಿ ಇಳಿದು ದಂತದ ಬಣ್ಣಕ್ಕೆ ಬರುತ್ತದೆ. 250 ಗ್ರಾಂ ಬೆಣ್ಣೆಗೆ 500 ಗ್ರಾಂ ಐಸಿಂಗ್ ಸಕ್ಕರೆ ಹಾಕುವ ಮಾಮೂಲಿ ಲೆಕ್ಕದಲ್ಲಿ ಸಕ್ಕರೆಯೂ ಇನ್ನಷ್ಟು ಬಿಳುಪು ಕೊಡುತ್ತದೆ.

ಎರಡು, ಟೂತ್‌ಪಿಕ್ಕಿನ ತುದಿಗೆ ಕಂಡೂ ಕಾಣದಷ್ಟು ನೇರಳೆ ಬಣ್ಣ ತಾಗಿಸಿ ಕಲಸಿ. ಹಳದಿಗೆ ನೇರಳೆ ಎದುರಾಳಿ. ಒಂದು ಇನ್ನೊಂದನ್ನು ತಣಿಸುತ್ತದೆ. ಬಿಳಿ ಪಂಚೆಗೆ ನೀಲಿ ಹಾಕುತ್ತಾರಲ್ಲ, ಅದೇ ಉಪಾಯ. ಜಾಸ್ತಿಯಾದರೆ ಪಂಚೆ ನೀಲಿಯಾದ ಹಾಗೆ ಕ್ರೀಮ್ ಬೂದಿಯಾಗುತ್ತದೆ, ಹುಷಾರು.

ಹಳದಿ, ಕಿತ್ತಳೆ, ಗಿಣಿ ಹಸಿರು ಬೇಕಿದ್ದರೆ ಈ ಯಾವ ಕಷ್ಟವೂ ಬೇಡ. ಬೆಣ್ಣೆಯ ಬಣ್ಣ ನಿಮ್ಮ ಪರವಾಗಿಯೇ ಇದೆ.

ಯಾವ ಹದದಲ್ಲಿ ಹಾಕಬೇಕು

ವಿಪ್ಪಿಂಗ್ ಕ್ರೀಮ್ ಗಟ್ಟಿಯಾಗಿ ನಿಂತ ಮೇಲೆ ಬಣ್ಣ ಹಾಕಿ ತಿರುಗಿಸುತ್ತ ಕೂತರೆ ಅದು ಅತಿಯಾಗಿ ಬೀಟ್ ಆಗಿ ರವೆ ರವೆಯಾಗುತ್ತದೆ. ಮೃದುವಾದ ಶಿಖರ ಏಳುವಾಗ, ಅಂದರೆ ಬೀಟರ್ ಎತ್ತಿದರೆ ತುದಿ ಬಾಗಿ ಬೀಳುವ ಹದದಲ್ಲಿ, ನಿಲ್ಲಿಸಿ. ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ತೆಗೆದು, ಬಣ್ಣ ಹಾಕಿ ಸ್ಪ್ಯಾಚುಲಾದಲ್ಲಿ ಮಡಚಿ ಮಡಚಿ ಕಲಸಿ. ಕಲಸುವಷ್ಟರಲ್ಲೇ ಸರಿಯಾದ ಗಟ್ಟಿತನಕ್ಕೆ ಬಂದಿರುತ್ತದೆ.

ಇಡೀ ಕೇಕಿಗೆ ಒಂದೇ ಕಡು ಬಣ್ಣ ಬೇಕಿದ್ದರೆ ದಾರಿ ಬೇರೆ. ಕ್ರೀಮ್ ಇನ್ನೂ ದ್ರವವಾಗಿರುವಾಗಲೇ ಬಣ್ಣ ಹಾಕಿ, ಆಮೇಲೆ ಬೀಟ್ ಮಾಡಿ. ಗಾಳಿ ಸೇರಿದಂತೆ ಬಣ್ಣ ತಿಳಿಯಾಗುತ್ತದೆ. ಆದ್ದರಿಂದ ದ್ರವದಲ್ಲಿ ಬೇಕಾದ್ದಕ್ಕಿಂತ ಒಂದು ಮೆಟ್ಟಿಲು ಕಡುವಾಗಿಯೇ ಇರಲಿ.

ಫಾಂಡಂಟಿಗೆ ಚಪಾತಿ ಹಿಟ್ಟಿನ ಹಾಗೆ ನಾದುವುದೊಂದೇ ದಾರಿ. ಕೈಗವಸು ಹಾಕಿಕೊಳ್ಳಿ. ಇಲ್ಲದಿದ್ದರೆ ಮರುದಿನ ಮದುವೆ ಮನೆಗೆ ನೀಲಿ ಬೆರಳಲ್ಲಿ ಹೋಗಬೇಕಾಗುತ್ತದೆ.

ಕಡ್ಡಿ ಲೆಕ್ಕ

ಡಬ್ಬಿಯಿಂದ ನೇರವಾಗಿ ಹಿಂಡುವ ಅಭ್ಯಾಸ ಬಿಡಿ. ಟೂತ್‌ಪಿಕ್ಕಿನ ತುದಿಯನ್ನು ಅರ್ಧ ಸೆಂಟಿಮೀಟರಿನಷ್ಟು ಜೆಲ್ಲಿನಲ್ಲಿ ಅದ್ದಿ ತೆಗೆಯಿರಿ. ಅದೇ ಒಂದು ಕಡ್ಡಿ. ಅದನ್ನು ಕ್ರೀಮಿನಲ್ಲಿ ಎಳೆದು ಒರೆಸಿ. ಒಮ್ಮೆ ಕ್ರೀಮ್ ಮುಟ್ಟಿದ ಕಡ್ಡಿಯನ್ನು ಮತ್ತೆ ಡಬ್ಬಿಗೆ ಹಾಕಬೇಡಿ. ಕ್ರೀಮಿನ ಚೂರು ಒಳಗೆ ಸೇರಿದರೆ ಡಬ್ಬಿ ಬೂಸ್ಟು ಹಿಡಿಯುತ್ತದೆ. ಪ್ರತಿ ಸಲ ಹೊಸ ಕಡ್ಡಿ.

ಮುಂದಿನ ಕ್ರಮ ಹೀಗೆ:

1. ತಕ್ಕಡಿಯಲ್ಲಿ 200 ಗ್ರಾಂ ಕ್ರೀಮ್ ತೂಗಿ. ಕಣ್ಣಳತೆ ಬೇಡ.
2. ಅದರಿಂದ ಎರಡು ಚಮಚ ಬಿಳಿ ಕ್ರೀಮನ್ನು ಪಕ್ಕಕ್ಕೆ ಎತ್ತಿಡಿ. ಬಣ್ಣ ಜಾಸ್ತಿಯಾದರೆ ಇದೇ ಜೀವ ಉಳಿಸುವುದು.
3. ಮುಖ್ಯ ಬಣ್ಣ ಮೊದಲು. ಹೇಳಿದ ಅಳತೆಯ ಅರ್ಧ ಹಾಕಿ, ಬಟ್ಟಲಿನ ತಳ ಮತ್ತು ಅಂಚು ಕೆರೆದು, ಗೆರೆ ಉಳಿಯದ ಹಾಗೆ ಕಲಸಿ.
4. ತಿದ್ದುವ ಬಣ್ಣ ಆಮೇಲೆ. ಅದು ಕಂದೋ ಕಪ್ಪೋ ನೇರಳೆಯೋ, ಅರ್ಧರ್ಧ ಕಡ್ಡಿಯಾಗಿ.
5. ಹತ್ತು ನಿಮಿಷ ಬಿಟ್ಟು, ಬಿಳಿ ತಟ್ಟೆಗೆ ಒಂದು ಚುಕ್ಕೆ ಬಳಿದು, ಕಿಟಕಿ ಪಕ್ಕ ಹಗಲು ಬೆಳಕಲ್ಲಿ ನೋಡಿ.
6. ಎಷ್ಟು ಕಡ್ಡಿ ಯಾವುದು ಅಂತ ಆಗಲೇ ಬರೆದಿಡಿ.

ಆರನೆಯದನ್ನು ಯಾರೂ ಮಾಡುವುದಿಲ್ಲ. ನಾನೂ ಎರಡು ವರ್ಷ ಮಾಡಿರಲಿಲ್ಲ. ಕ್ರೀಮ್ ಅರ್ಧ ಕೇಕಿಗೆ ಸಾಲದೆ ಹೋಗಿ, ಅದೇ ಶೇಡ್ ಮತ್ತೆ ತರಲು ರಾತ್ರಿ ಹನ್ನೊಂದಕ್ಕೆ ಒದ್ದಾಡಿದ ಮೇಲೆ ನೋಟ್‌ಬುಕ್ ಇಟ್ಟೆ. ಅದಕ್ಕಿಂತ ಒಳ್ಳೆಯ ಬುದ್ಧಿ, ಬೇಕಾದ್ದಕ್ಕಿಂತ ಕಾಲು ಪಾಲು ಹೆಚ್ಚೇ ಕಲಸಿಕೊಳ್ಳುವುದು.

ಟ್ಯೂಬ್‌ಲೈಟಿನ ಕೆಳಗೆ, ಹಳದಿ ಬಲ್ಬಿನ ಕೆಳಗೆ ನೋಡಿ ತೀರ್ಮಾನ ಮಾಡಬೇಡಿ. ಫೋನಿನಲ್ಲಿ ಬಂದ ಫೋಟೋವನ್ನಂತೂ ನಂಬಲೇಬೇಡಿ. ಒಂದೇ ಸೀರೆ ನನ್ನ ಫೋನಿನಲ್ಲಿ ಗುಲಾಬಿ, ಮಗಳ ಫೋನಿನಲ್ಲಿ ಪೀಚ್. ಸೀರೆಗೆ ಹೊಂದಿಸಬೇಕಿದ್ದರೆ ಬ್ಲೌಸ್ ಪೀಸಿನ ಒಂದು ತುಂಡು ಕಳಿಸಿ ಅಂತ ಕೇಳಿ. ದರ್ಜಿಯ ಹತ್ತಿರ ಉಳಿದ ಚೂರು ಇದ್ದೇ ಇರುತ್ತದೆ.

ಮಂಕು ಮಾಡುವ ವಿದ್ಯೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಡಬ್ಬಿಯ ಬಣ್ಣಗಳೆಲ್ಲ ಜಾತ್ರೆಯ ಬಲೂನಿನಂಥವು, ಕಣ್ಣಿಗೆ ಹೊಡೆಯುತ್ತವೆ. ಹೂವು, ರೇಷ್ಮೆ, ಹಣ್ಣಿನ ಸಿಪ್ಪೆ ಯಾವುದೂ ಹಾಗಿರುವುದಿಲ್ಲ. ಅವುಗಳಲ್ಲಿ ಮುಖ್ಯ ಬಣ್ಣದ ಹಿಂದೆ ಅದರ ಎದುರಾಳಿ ಬಣ್ಣದ ನೆರಳು ಇರುತ್ತದೆ. ಕೆಂಪಿಗೆ ಹಸಿರು, ಹಳದಿಗೆ ನೇರಳೆ, ನೀಲಿಗೆ ಕಿತ್ತಳೆ ಎದುರಾಳಿ. ಎದುರಾಳಿಯನ್ನು ಚೂರೇ ಚೂರು ಹಾಕಿದರೆ ಹೊಳಪು ಇಳಿದು ಬಣ್ಣಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಜಾಸ್ತಿ ಹಾಕಿದರೆ ಕೆಸರು.

ಎದುರಾಳಿ ಯಾವುದು ಅಂತ ಪ್ರತಿ ಸಲ ಯೋಚಿಸುವ ಗೋಜೇ ಬೇಡ ಅಂದರೆ, ಗುಲಾಬಿ, ಕಿತ್ತಳೆ, ಹಳದಿ, ಕೆಂಪಿನಂಥ ಬಿಸಿ ಬಣ್ಣಗಳಿಗೆ ಕಂದು ಹಾಕಿ. ನೀಲಿ, ಹಸಿರು, ನೇರಳೆಗೆ ಕಪ್ಪು ಹಾಕಿ. ನೂರಕ್ಕೆ ನೂರು ಶಾಸ್ತ್ರೋಕ್ತವಲ್ಲ, ಆದರೆ ಕೆಲಸ ನಡೆಯುತ್ತದೆ.

ಕೆಳಗಿನವು 200 ಗ್ರಾಂ ಬಿಳಿ ಕ್ರೀಮಿಗೆ ನನ್ನ ನೋಟ್‌ಬುಕ್ಕಿನ ಅಳತೆಗಳು. ಒಂದೊಂದು ಕಂಪನಿಯ ಜೆಲ್ ಒಂದೊಂದು ಗಟ್ಟಿ. ಇವನ್ನು ಶುರು ಮಾಡುವ ಜಾಗ ಅಂತ ಮಾತ್ರ ಇಟ್ಟುಕೊಳ್ಳಿ.

ಈರುಳ್ಳಿ ಸಿಪ್ಪೆ: ಗುಲಾಬಿ 3 ಕಡ್ಡಿ, ಕಂದು 1, ನೇರಳೆ ಅರ್ಧ. ಕಂದು ಹಾಕಿದ ತಕ್ಷಣ "ಅಯ್ಯೋ ಕೆಡಿಸಿದೆ" ಅನಿಸುತ್ತದೆ. ನೇರಳೆ ಬಿದ್ದ ಮೇಲೆ ಸರಿಹೋಗುತ್ತದೆ, ಹೆದರಬೇಡಿ.

ಕನಕಾಂಬರ: ಕಿತ್ತಳೆ 3, ಗುಲಾಬಿ 1. ಇದಕ್ಕೆ ಕಂದು ಬೇಡ. ಆ ಹೂವಿನಲ್ಲಿ ಮಂಕು ಎಲ್ಲಿದೆ ಹೇಳಿ? ಗುಲಾಬಿ ಇಲ್ಲದಿದ್ದರೆ ಮಾತ್ರ ಬರೀ ಕಿತ್ತಳೆ ಹಣ್ಣು.

ನವಿಲು: ನೀಲಿ 5, ಹಸಿರು 2, ಕಪ್ಪು ಅರ್ಧ. ರಾಮಾ ಗ್ರೀನ್ ಕೇಳಿದರೆ ತಿರುಗಿಸಿ: ಹಸಿರು 4, ನೀಲಿ 2, ಕಪ್ಪು ಅರ್ಧ. ಕಪ್ಪು ಬಿಟ್ಟರೆ ಎರಡೂ ಟೂತ್‌ಪೇಸ್ಟಿನ ಹಾಗೆ ಕಾಣುತ್ತವೆ.

ಗಿಣಿ ಹಸಿರು: ಹಳದಿ 5, ಹಸಿರು 1. ಹಸಿರಿಗೆ ಹಳದಿ ಸೇರಿಸುತ್ತ ಹೋದರೆ ಹಳದಿ ಡಬ್ಬಿಯೇ ಮುಗಿಯುತ್ತದೆ. ಹಳದಿಗೆ ಹಸಿರು ಸೇರಿಸಿ. ತಿಳಿ ಬಣ್ಣಕ್ಕೆ ಕಡು ಬಣ್ಣ ಹಾಕುವುದು ಎಲ್ಲ ಮಿಶ್ರಣಕ್ಕೂ ನಿಯಮ.

ಬದನೆಕಾಯಿ: ನೇರಳೆ 6, ಕೆಂಪು 1, ಕಪ್ಪು 1.

ಮಾವಿನಹಣ್ಣು: ಹಳದಿ 4, ಕಿತ್ತಳೆ 1. ಇದಕ್ಕೇ ಕಂದು 1 ಸೇರಿಸಿದರೆ ಸಾಸಿವೆ ಹೂವು ದಾಟಿ ಹಳೆಯ ಜರಿಯ ಬಣ್ಣಕ್ಕೆ ಹತ್ತಿರ ಬರುತ್ತದೆ. ಬಂಗಾರದ ಬಣ್ಣ ಬೇಕು ಅಂದವರಿಗೆ ಕೆಳಪದರವಾಗಿ ಇದನ್ನೇ ಹಾಕಿ, ಮೇಲೆ ಚಿನ್ನದ ಪುಡಿ ಸವರಿ. ಬರೀ ಕಲಸಿ ಬಂಗಾರ ತರಲು ಆಗುವುದಿಲ್ಲ, ಮಿಂಚು ಬೇಕು. ಪುಡಿ ಕೊಳ್ಳುವಾಗ ಡಬ್ಬಿಯ ಮೇಲೆ ತಿನ್ನಬಹುದು ಅಂತ ಇದೆಯಾ ನೋಡಿ. ವಿಷವಲ್ಲ ಅಂತ ಮಾತ್ರ ಬರೆದಿದ್ದರೆ ಅದು ಅಲಂಕಾರಕ್ಕೆ, ಹೊಟ್ಟೆಗಲ್ಲ.

ಆನಂದ ನೀಲಿ, ರಾಣಿ ಪಿಂಕ್: ಇವೆರಡು ಹೊಳೆಯಲೆಂದೇ ಹುಟ್ಟಿದ ಬಣ್ಣಗಳು. ಆನಂದ ನೀಲಿಗೆ ಸ್ಕೈ ಬ್ಲೂ 5 ಕಡ್ಡಿ (ಇದೊಂದಕ್ಕೆ ಬೇರೆ ಡಬ್ಬಿ ಬೇಕು), ಬೇರೇನೂ ಬೇಡ. ರಾಣಿಗೆ ಗುಲಾಬಿ 6, ನೇರಳೆ ಅರ್ಧ. ಮಂಕು ಮಾಡುವುದು ಗೊತ್ತಾಯಿತು ಅಂತ ಎಲ್ಲಕ್ಕೂ ಕಂದು ಹಾಕಬೇಡಿ.

ಕೆಂಪು, ಕಪ್ಪು ಮತ್ತು ನವೆಂಬರ್ 1

ಪ್ರತಿ ರಾಜ್ಯೋತ್ಸವಕ್ಕೆ ಶಾಲೆ, ಆಫೀಸು, ಅಪಾರ್ಟ್‌ಮೆಂಟುಗಳಿಂದ ಬಾವುಟದ ಕೇಕಿಗೆ ಕೇಳುತ್ತಾರೆ. ವಿದೇಶದ ಕನ್ನಡ ಕೂಟಗಳಲ್ಲೂ ಅದೇ ಕೇಕು. ಮೇಲೆ ಹಳದಿ, ಕೆಳಗೆ ಕೆಂಪು. ಹಳದಿ ಐದು ನಿಮಿಷದ ಕೆಲಸ. ಕೆಂಪು ಎರಡು ದಿನದ ಕೆಲಸ.

ಬಿಳಿ ಕ್ರೀಮಿಗೆ ಕೆಂಪು ಹಾಕಿದರೆ ಮೊದಲು ಬರುವುದು ಗುಲಾಬಿ. ಆ ಗುಲಾಬಿಯನ್ನು ಕುಂಕುಮದ ಕೆಂಪು ಮಾಡುತ್ತೇನೆ ಅಂತ ಹಾಕುತ್ತ ಹೋದರೆ ಕ್ರೀಮ್ ಕಹಿಯಾಗುತ್ತದೆ, ಸಡಿಲವಾಗುತ್ತದೆ, ತಿಂದವರ ನಾಲಿಗೆ ಎಲೆ ಅಡಿಕೆ ಹಾಕಿದ ಹಾಗಾಗುತ್ತದೆ. ದಾರಿಗಳು ಇವು.

ಬಟರ್‌ಕ್ರೀಮ್ ಆದರೆ ಹಿಂದಿನ ದಿನವೇ ಕಲಸಿ. ಮೊದಲು ಸ್ವಲ್ಪ ಕಿತ್ತಳೆ ಹಾಕಿ ಬುಡಕ್ಕೆ ಬಿಸಿ ಬಣ್ಣದ ಛಾಯೆ ತಂದುಕೊಳ್ಳಿ, ಆಮೇಲೆ ಕೆಂಪು. ಬೇಕಾದ ಕೆಂಪಿಗಿಂತ ಎರಡು ಮೆಟ್ಟಿಲು ತಿಳಿ ಇರುವಾಗಲೇ ನಿಲ್ಲಿಸಿ. ಎರಡು ಚಮಚ ಕ್ರೀಮನ್ನು ಬೇರೆ ಬಟ್ಟಲಿಗೆ ತೆಗೆದು ಮೈಕ್ರೊವೇವ್‌ನಲ್ಲಿ 10 ಸೆಕೆಂಡ್ ಕರಗಿಸಿ. ಕರಗಿದಾಗ ಅದರ ಬಣ್ಣ ಎಷ್ಟು ಕಡುವಾಗುತ್ತದೆ ನೋಡಿದರೆ ಆಶ್ಚರ್ಯ ಆಗುತ್ತದೆ. ಅದನ್ನು ಮತ್ತೆ ಎಲ್ಲದರ ಜೊತೆ ಕಲಸಿ ಮುಚ್ಚಿಡಿ. ಬೆಳಿಗ್ಗೆ ನೀವು ಹಾಕದ ಬಣ್ಣವೂ ಬಂದಿರುತ್ತದೆ. ಹ್ಯಾಂಡ್ ಬ್ಲೆಂಡರ್ ಇದ್ದರೆ ಅದರಲ್ಲಿ ಅರ್ಧ ನಿಮಿಷ ತಿರುಗಿಸಿದರೂ ಇದೇ ಫಲ. ಗಾಳಿ ಹೋಗಿ ಬಣ್ಣ ಕೊಬ್ಬಿನ ಜೊತೆ ಇನ್ನೂ ಚೆನ್ನಾಗಿ ಬೆರೆಯುತ್ತದೆ.

ವಿಪ್ಪಿಂಗ್ ಕ್ರೀಮಿನಲ್ಲಿ ನಿಜವಾದ ಕೆಂಪು ತರುವುದು ಕಷ್ಟ, ನೇರವಾಗಿ ಹೇಳಿಬಿಡುತ್ತೇನೆ. ನಾನು ಹಟ ಮಾಡುವುದಿಲ್ಲ. ಕೆಂಪಿನ ಭಾಗಕ್ಕೆ ತಿಳಿ ಕೆಂಪು ಕ್ರೀಮ್ ಬಳಿದು, ತಣ್ಣಗೆ ಮಾಡಿ, ಅದರ ಮೇಲೆ ನ್ಯೂಟ್ರಲ್ ಗ್ಲೇಜಿಗೆ (ಬಣ್ಣವಿಲ್ಲದ, ಹೊಳೆಯುವ ಜೆಲ್ಲಿಯಂಥ ಲೇಪ) ಕೆಂಪು ಕಲಸಿ ತೆಳುವಾಗಿ ಹರಡುತ್ತೇನೆ. ಗ್ಲೇಜ್ ಗಾಜಿನ ಹಾಗೆ ಪಾರದರ್ಶಕ. ಅದರಲ್ಲಿ ಬಿಳಿ ಇಲ್ಲವಲ್ಲ, ಒಂದೆರಡು ಹನಿಗೇ ಮಾಣಿಕ್ಯದ ಕೆಂಪು ಬರುತ್ತದೆ. ಬಣ್ಣವೂ ಕಡಿಮೆ ಸಾಕು, ಕಹಿಯೂ ಇಲ್ಲ.

ಕಪ್ಪಿಗೂ ಇದೇ ಬುದ್ಧಿ. ಬಿಳಿಯಿಂದ ಹೊರಡಬೇಡಿ. ಕೋಕೊ ಪುಡಿ ಹಾಕಿ ಚಾಕೊಲೇಟ್ ಕ್ರೀಮ್ ಮಾಡಿ, ಕಂದು ಎಷ್ಟು ಕಡುವಾಗುತ್ತದೋ ಅಷ್ಟಾದ ಮೇಲೆ ಕಪ್ಪು ಜೆಲ್ ಹಾಕಿ. ಕಪ್ಪು ಜೆಲ್ ಸಾಮಾನ್ಯವಾಗಿ ನಾಲ್ಕಾರು ಬಣ್ಣಗಳ ಮಿಶ್ರಣ. ಅದಕ್ಕೇ ಬಿಳಿ ಕ್ರೀಮಿನಲ್ಲಿ ಅದು ಒಮ್ಮೆ ನೇರಳೆಗೆ, ಒಮ್ಮೆ ಹಸಿರಿಗೆ ತಿರುಗುವುದು. ನೇರಳೆಗೆ ತಿರುಗಿದರೆ ಹಸಿರು ಒಂದು ಕಡ್ಡಿ, ಹಸಿರಿಗೆ ತಿರುಗಿದರೆ ಕೆಂಪು ಒಂದು ಕಡ್ಡಿ. ಬೂದಿಯ ಹಂತದಲ್ಲಿದ್ದರೆ ಏನೂ ಹಾಕಬೇಡಿ, ರಾತ್ರಿಯಿಡೀ ಬಿಡಿ. ಕಡು ನೀಲಿಗೆ ನೀಲಿ, ನೇರಳೆ, ಕಪ್ಪು, ಇದೇ ಕ್ರಮ.

ಬಾವುಟದ ಕೇಕಿನಲ್ಲಿ ಇನ್ನೊಂದು ಕಷ್ಟ ಇದೆ. ಕೆಂಪು ಹಳದಿಗೆ ಇಳಿಯುತ್ತದೆ. ಒಂದು ವರ್ಷ ನನ್ನ ಕೇಕಿನ ನಡುವೆ ಮೂರನೆಯದಾಗಿ ಕಿತ್ತಳೆ ಪಟ್ಟಿ ಬಂದಿತ್ತು. ಈಗ ಹಳದಿ ಬಳಿದು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ, ಆಮೇಲೆ ಕೆಂಪು ಹಚ್ಚುತ್ತೇನೆ. ಎರಡರ ಗಡಿಯ ಮೇಲೆ ಸಣ್ಣ ನಾಝಲ್‌ನಿಂದ ಒಂದು ಎಳೆ ಪೈಪ್ ಮಾಡುತ್ತೇನೆ. ಕೇಕನ್ನು ಫ್ರಿಜ್ಜಿನಿಂದ ತೆಗೆದ ಮೇಲೆ ಡಬ್ಬ ತೆರೆಯದೆ ಅರ್ಧ ಗಂಟೆ ಹಾಗೇ ಇಡಿ. ಬೆವರು ಡಬ್ಬದ ಹೊರಗೆ ಕೂರುತ್ತದೆ, ಕ್ರೀಮಿನ ಮೇಲೆ ಕೂರುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದನ್ನು ಎರಡು ಸಲ ಹೇಳಬೇಕು. ಆ ಸೆಕೆಗೆ ಬಣ್ಣ ಓಡಲು ನೆಪವೇ ಬೇಡ.

ಏರುವ ಬಣ್ಣ, ಹಾರುವ ಬಣ್ಣ

ಬಟರ್‌ಕ್ರೀಮ್ ನಾಲ್ಕೈದು ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಕಡುವಾಗುತ್ತದೆ. ರಾಯಲ್ ಐಸಿಂಗ್ ಒಣಗಿದಂತೆ ಕಡುವಾಗುತ್ತದೆ. ವಿಪ್ಪಿಂಗ್ ಕ್ರೀಮ್ ಅಷ್ಟು ಏರುವುದಿಲ್ಲ, ಒಂದು ನೂಲಿನಷ್ಟು. ಫಾಂಡಂಟನ್ನು ಕಲಸಿ ಒಂದು ಗಂಟೆ ಸುತ್ತಿಟ್ಟು ನೋಡಿ.

ಬಣ್ಣ ಹಾರುವುದು ಬೆಳಕಿಗೆ. ಗುಲಾಬಿ ಎಲ್ಲಕ್ಕಿಂತ ಬೇಗ ಹೋಗುತ್ತದೆ. ಗುಲಾಬಿ ಮತ್ತು ನೀಲಿ ಸೇರಿದ ಲ್ಯಾವೆಂಡರ್ ಬಣ್ಣದ ಕೇಕನ್ನು ಕಿಟಕಿ ಪಕ್ಕ ಇಟ್ಟರೆ, ಗುಲಾಬಿ ಹೋಗಿ ಸಂಜೆಗೆ ನೀಲಿ ಕೇಕ್ ಉಳಿದಿರುತ್ತದೆ. ಮುಚ್ಚಿದ ಡಬ್ಬದಲ್ಲಿ, ಕತ್ತಲಲ್ಲಿ ಇಡಿ. ಲ್ಯಾವೆಂಡರ್ ಮಾಡುವಾಗ ಗುಲಾಬಿ ಒಂದು ಕಡ್ಡಿ ಮುಂದಿರಲಿ.

ಜಾಸ್ತಿಯಾಗಿಬಿಟ್ಟರೆ

ಬಣ್ಣ ಹೆಚ್ಚಾದ ಬಟ್ಟಲಿಗೆ ಬಿಳಿ ಕ್ರೀಮ್ ಸುರಿಯುತ್ತ ಹೋಗಬೇಡಿ. ಅರ್ಧಕ್ಕೆ ಇಳಿಸಬೇಕಿದ್ದರೆ ಅಷ್ಟೇ ಬಿಳಿ ಬೇಕು, ಕಾಲಿಗೆ ಇಳಿಸಲು ಮೂರು ಪಟ್ಟು. ಕೊನೆಗೆ ಮದುವೆಗಾಗುವಷ್ಟು ಗುಲಾಬಿ ಕ್ರೀಮ್ ಉಳಿಯುತ್ತದೆ. ಉಲ್ಟಾ ಮಾಡಿ. ಹೊಸ ಬಿಳಿ ಕ್ರೀಮ್ ತೆಗೆದುಕೊಂಡು, ಕಡುವಾದ ಕ್ರೀಮನ್ನೇ ಬಣ್ಣದ ಹಾಗೆ ಚಮಚ ಚಮಚವಾಗಿ ಸೇರಿಸಿ.

ನೀಲಿ ಹಸಿರಾಗಿದ್ದರೆ ನೇರಳೆ ಅರ್ಧ ಕಡ್ಡಿ. ಪೀಚ್ ಆದ ಗುಲಾಬಿಗೂ ಅದೇ ಮದ್ದು. ಮೂರು ನಾಲ್ಕು ಬಣ್ಣ ಬಿದ್ದು ಕೆಸರಾಗಿದ್ದರೆ ತಿದ್ದಲು ಹೋಗಬೇಡಿ. ಕೋಕೊ ಹಾಕಿ ಕಲಸಿ, ಕೇಕಿನ ಪದರಗಳ ನಡುವೆ ಹಾಕಿ. ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಮನೆಯ ಹುಟ್ಟುಹಬ್ಬಗಳಲ್ಲಿ ಒಳಗೆ ಯಾವಾಗಲೂ ಚಾಕೊಲೇಟ್ ಯಾಕೆ ಅಂತ ಮಕ್ಕಳಿಗೆ ಇನ್ನೂ ಹೇಳಿಲ್ಲ.

ಅಡುಗೆಮನೆಯ ಬಣ್ಣಗಳು

ಮಗುವಿನ ಮೊದಲ ವರ್ಷದ ಕೇಕಿಗೆ ಡಬ್ಬಿಯ ಬಣ್ಣ ಬೇಡ ಅನ್ನುವವರು ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಆದರೆ ತಿಳಿ ಬಣ್ಣ ಮಾತ್ರ ಬರುತ್ತದೆ, ಮೊದಲೇ ಹೇಳಿಬಿಡಿ.

ಬೀಟ್‌ರೂಟನ್ನು ತುರಿದು ಒಣಗಿಸಿ ಪುಡಿ ಮಾಡಿ, ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡರೆ ಒಳ್ಳೆಯ ಗುಲಾಬಿ. ರಸ ಕುದಿಸಿ ಬತ್ತಿಸಲು ಹೋದರೆ ಬಣ್ಣ ಕಂದಿಗೆ ತಿರುಗುತ್ತದೆ, ಅದು ಬಿಸಿ ತಡೆಯುವುದಿಲ್ಲ. ಮಣ್ಣಿನ ವಾಸನೆಗೆ ಸ್ವಲ್ಪ ಏಲಕ್ಕಿ ಹಾಕಿ.

ಕಾಂಪೌಂಡ್ ಮೇಲೆ ಹಬ್ಬಿರುವ ಶಂಖಪುಷ್ಪದ ನೀಲಿ ಹೂವಿನ ಎಸಳನ್ನು ಎರಡು ಚಮಚ ಬಿಸಿನೀರಲ್ಲಿ ನೆನೆಸಿ ಹಿಂಡಿದರೆ ನೀಲಿ. ಒಂದು ಹನಿ ನಿಂಬೆರಸ ಬಿದ್ದರೆ ಅದೇ ನೇರಳೆಯಾಗುತ್ತದೆ. ಒಂದೇ ಹೂವಲ್ಲಿ ಎರಡು ಬಣ್ಣ.

ಅರಿಶಿನ ಚಿಟಿಕೆ ಸಾಕು, ಘಾಟು ಗೊತ್ತಾಗಬಾರದು. ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿ ತಟ್ಟೆಯ ಕೆಂಪು ನೀರಾಗುತ್ತದಲ್ಲ, ಅಡುಗೆ ಸೋಡಾ ಸೇರಿದರೂ ಹಾಗೆಯೇ ಕೆಂಪಿಗೆ ತಿರುಗುತ್ತದೆ. ಸೋಡಾ ಹಾಕಿದ ಕೇಕಿನ ಹಿಟ್ಟಿಗೆ ಅರಿಶಿನ ಹಾಕಿದರೆ ಅಲ್ಲಲ್ಲಿ ಕೆಂಪು ಕಲೆ ಏಳುವುದು ಇದಕ್ಕೇ. ಕ್ರೀಮಿನಲ್ಲಿ ಸೋಡಾ ಇಲ್ಲದ ಕಾರಣ ಹಳದಿ ಹಳದಿಯಾಗಿಯೇ ಇರುತ್ತದೆ. ಬೆಳಕಿಗೆ ಮಾತ್ರ ಬೇಗ ಮಾಸುತ್ತದೆ.

ಎಷ್ಟು ಹಾಕಬಹುದು

2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬೊಂಬಾಯಿ ಮಿಠಾಯಿಗೆ ರೋಡಮಿನ್-ಬಿ ಅನ್ನುವ ಬಟ್ಟೆಯ ಬಣ್ಣ ಹಾಕುವುದನ್ನು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಿರಬಹುದು. ಅದೇ ವರ್ಷ ಅಕ್ಟೋಬರಿನಲ್ಲಿ ಸುದ್ದಿ ಕೇಕಿಗೂ ಬಂತು. ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಅಂತ ಬಂದವು. ಹೆಚ್ಚು ಮಾತು ಬಂದದ್ದು ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಬಗ್ಗೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಪಾನ್ಸೋ 4ಆರ್, ಕಾರ್ಮೋಸಿನ್‌ನಂಥ ಬಣ್ಣಗಳಿಗೆ ನಮ್ಮಲ್ಲಿ ಅನುಮತಿ ಇದೆ, ಆದರೆ ಮಿತಿಯೊಳಗೆ. ಕೇಕಿನಂಥ ತಿನಿಸಿಗೆ ಸಾಮಾನ್ಯವಾಗಿ ಹೇಳುವ ಮಿತಿ 1 ಕೆಜಿಗೆ 100 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೇ ಒಂದು ಪಾಲು ಅಷ್ಟೇ. ಇದು ಡಬ್ಬಿಯೊಳಗಿನ ಶುದ್ಧ ಬಣ್ಣದ ಲೆಕ್ಕ, ಜೆಲ್ಲಿನ ತೂಕದ್ದಲ್ಲ.

ಮನೆಯಲ್ಲಿ ಇದನ್ನು ಅಳೆಯಲು ಆಗುವುದಿಲ್ಲ. ಡಬ್ಬಿಯ ಮೇಲೆ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಒಳಗಿರುವ ಬಣ್ಣದ ಹೆಸರು, ತಯಾರಾದ ದಿನ ಇರಲೇಬೇಕು. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪೊಟ್ಟಣ ಬೇಡ. ಕಡು ಬಣ್ಣವನ್ನು ಇಡೀ ಕೇಕಿಗೆ ಬಳಿಯುವ ಬದಲು ಹೂವು, ಅಂಚು, ಅಕ್ಷರಕ್ಕೆ ಮಾತ್ರ ಇಡಿ. ನೋಡಲೂ ಅದೇ ಚೆಂದ.

ಕೇಕ್ ಹೊರಡುವ ಮುಂಚೆ

ಬಳಸಿದ ಪ್ರತಿ ಬಣ್ಣದಲ್ಲೂ ಎರಡು ಚಮಚ ಕ್ರೀಮನ್ನು ಪುಟ್ಟ ಪೈಪಿಂಗ್ ಬ್ಯಾಗಿಗೆ ತುಂಬಿ, ತುದಿ ಕತ್ತರಿಸದೆ, ಕೇಕಿನ ಡಬ್ಬದ ಪಕ್ಕ ಇಟ್ಟು ಕಳಿಸಿ. ಆಟೋದಲ್ಲಿ ಹಂಪ್ ಹಾರಿ ಅಂಚು ಕಿತ್ತರೆ ಅವರೇ ತೇಪೆ ಹಾಕಿಕೊಳ್ಳಬಹುದು. ಆ ಹೊತ್ತಲ್ಲಿ ಫೋನ್ ಮಾಡಿ "ಅದೇ ಈರುಳ್ಳಿ ಸಿಪ್ಪೆ ಬಣ್ಣ ಸ್ವಲ್ಪ ಕಳಿಸ್ತೀರಾ" ಅಂತ ಕೇಳಿದರೆ, ನೋಟ್‌ಬುಕ್ ಇದ್ದರೂ ಹತ್ತು ನಿಮಿಷದಲ್ಲಿ ಅದು ಬರುವುದಿಲ್ಲ.